ಒಂಟೆಯ ಪುಟದ ವಾಸನೆ

ಡಫಳಾಪುರ
೧೮–೬–೧೯೫೧

ಗೆಳೆಯ ಅಪ್ಪಾಸಾಬನಿಗೆ ಗುರುಲಿಂಗಪ್ಪನ ಶರಣು.

ಅಕ್ಷರ ನೋಡಿದ ಕೂಡಲೇ ಯಾರದೆಂದು ಗುರುತು ಹಿಡಿದಿರುತ್ತೀ. ಹರಿದು ಒಲೆಗೆ ಹಾಕುವ ಮೊದಲು ಎರಡು ನಿಮಿಷ ಓದು. ಇದು ಜಗಳದ ಪತ್ರವಲ್ಲ. ಹದಿನೆಂಟು ವರ್ಷ ಮಾತು ಬಿಟ್ಟವನು ಈಗ ಬರೆಯಬೇಕಾದರೆ ಏನೋ ದೊಡ್ಡ ಕಾರಣವಿರಬೇಕು ಎಂದು ನೀನು ಅಂದುಕೊಳ್ಳಬಹುದು. ದೊಡ್ಡದೇನೂ ಅಲ್ಲ, ಒಂದು ವಾಸನೆ.

ಜತ್ತದ ಶಾಲೆಯಲ್ಲಿದ್ದಾಗ ನಾವಿಬ್ಬರೂ ಕೂಡಿ ಪೋಸ್ಟಿನ ತಿಕೀಟು ಅಂಟಿಸುತ್ತಿದ್ದ ವಹಿ ನೆನಪಿದೆಯಲ್ಲ? ನಮ್ಮ ಅಪ್ಪನ ಅಂಗಡಿಯ ಕೆಂಪು ಬಟ್ಟೆ ಹೊದಿಸಿದ್ದೆವು. ಒಂದು ತಿಂಗಳು ನಿನ್ನ ಖೋಲಿಯಲ್ಲಿ, ಒಂದು ತಿಂಗಳು ನನ್ನ ಖೋಲಿಯಲ್ಲಿ ಎಂದು ಕರಾರು ಮಾಡಿಕೊಂಡಿದ್ದೆವು. ಕೊನೆಗೆ ಅದು ನನ್ನ ಹತ್ತಿರವೇ ಉಳಿಯಿತು. ಯಾಕೆ ಉಳಿಯಿತು ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಈಗ ಎತ್ತುವುದಿಲ್ಲ.

ಇಷ್ಟು ವರ್ಷ ಅದು ಒಳಕೋಣೆಯ ಟ್ರಂಕಿನಲ್ಲಿ ಬಿದ್ದಿತ್ತು. ಮೊನ್ನೆ ಇಲ್ಲಿಯ ಮಾಸ್ತರರು, ಶಾಲೆಯ ಮಕ್ಕಳಿಗೆ ತೋರಿಸಬೇಕು ಎಂದು ಕೇಳಿದರು. ನಾನೂ ಹಿಗ್ಗಿನಿಂದ ಹೊರಗೆ ತೆಗೆದೆ. ಟ್ರಂಕಿನ ಮುಚ್ಚಳ ಎತ್ತಿದ್ದೇ ತಡ, ಮಾಸ್ತರರು ಧೋತರದ ಚುಂಗು ಮೂಗಿಗೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. "ಗುರುಲಿಂಗಪ್ಪನವರ, ಇದರಾಗ ಏನರ ಸತ್ತೈತೇನ್ರಿ?" ಅಂದರು. ಏನೂ ಸತ್ತಿರಲಿಲ್ಲ. ಹಾಳೆ ಹಾಳೆ ಝಾಡಿಸಿ ನೋಡಿದೆ. ಹುಳ ಇಲ್ಲ, ಇಲಿಯ ಹಿಕ್ಕೆ ಇಲ್ಲ, ಒಂದು ಸತ್ತ ಜಿರಲೆ ಸಹ ಇಲ್ಲ. ಬಿಸಿಲಿನ ದಿನ ಸುಮ್ಮನಿರುತ್ತದೆ. ಮೋಡ ಕವಿದರೆ ಸಾಕು, ಇಡೀ ಮನೆ ನಾರುತ್ತದೆ.

ನನ್ನ ಹೆಂಡತಿ ಸಿದ್ದವ್ವ ಒಂದೇ ಮಾತಿನಲ್ಲಿ ಮುಗಿಸಿದಳು. "ಮನ್ಯಾಗ ಇದರ ಇರಬೇಕು, ಇಲ್ಲಾ ನಾನರ ಇರಬೇಕು. ವಿಚಾರ ಮಾಡ್ರಿ" ಅಂದಳು. ನಾನು ನಿಜವಾಗಿಯೂ ವಿಚಾರ ಮಾಡುತ್ತ ಕುಳಿತದ್ದು ನೋಡಿ ಅವಳಿಗೆ ಮತ್ತಷ್ಟು ಸಿಟ್ಟು ಬಂತು.

ಇದು ಬರೀ ಮುಗ್ಗಲು ವಾಸನೆಯಲ್ಲ ಅಪ್ಪಾಸಾಬ. ಮೇಲೆ ಮುಗ್ಗಲು ಇದೆ, ಅದರ ಕೆಳಗೆ ಒಂಥರದ ಹುಳಿ ಇದೆ, ಅದರ ಕೆಳಗೆ ಇನ್ನೂ ಏನೋ ಇದೆ. ನನಗೆ ಪರಿಚಯದ್ದೇ. ಹೆಸರು ಮಾತ್ರ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಆಗ ನಿನ್ನ ಮೂಗಿನ ನೆನಪಾಯಿತು. ಕಣ್ಣು ಕಟ್ಟಿದರೂ ಯಾರ ಬುತ್ತಿಯಲ್ಲಿ ಜೋಳದ ರೊಟ್ಟಿ, ಯಾರದರಲ್ಲಿ ಸಜ್ಜೆಯ ರೊಟ್ಟಿ ಎಂದು ಹೇಳುತ್ತಿದ್ದವನು ನೀನು. ನೀನು ಈಗ ಅಸಂಗಿಯ ಕನ್ನಡ ಶಾಲೆಯಲ್ಲಿ ಮಾಸ್ತರನೆಂದು ನಿಮ್ಮೂರು ಮಾಡಗ್ಯಾಳದಿಂದ ಸಂತೆಗೆ ಬಂದವರು ಹೇಳಿದರು. ಈ ವಾಸನೆ ಹೋಗಿಸುವ ಉಪಾಯ ಗೊತ್ತಿದ್ದರೆ ಬರೆ. ಹೋಗುವ ಮೊದಲು ಅದು ಏನಿತ್ತು ಎಂದು ತಿಳಿಯಬೇಕೆಂಬ ಹಟ ನನಗೆ ಹಿಡಿದಿದೆ.

ನಿನ್ನ
ಗುರುಲಿಂಗಪ್ಪ

*

ಅಸಂಗಿ
೪–೭–೧೯೫೧

ಶ್ರೀ ಗುರುಲಿಂಗಪ್ಪನವರಿಗೆ ನಮಸ್ಕಾರ.

ನಿಮ್ಮ ಪತ್ರ ಮುಟ್ಟಿತು. ವಹಿಯನ್ನು ಬಿಸಿಲಿಗೆ ಇಡಬೇಡಿ, ತಿಕೀಟುಗಳ ಬಣ್ಣ ಹಾರುತ್ತದೆ. ಅತ್ತರು, ಲೋಬಾನ, ಕರ್ಪೂರ ಯಾವುದನ್ನೂ ಹತ್ತಿರ ತರಬೇಡಿ. ಅವು ವಾಸನೆಯನ್ನು ತೆಗೆಯುವುದಿಲ್ಲ, ಅದರ ಮೇಲೆ ಹತ್ತಿ ಕೂಡುತ್ತವೆ. ದೊಡ್ಡ ಹಂಡೆಯ ತಳದಲ್ಲಿ ಆರಿದ ಇದ್ದಲಿ ಹಾಕಿ, ಮೇಲೆ ಒಂದು ಜಾಳಿಗೆ ಇಟ್ಟು, ವಹಿಯನ್ನು ಬಿಡಿಸಿ ನಿಲ್ಲಿಸಿ, ಮುಚ್ಚಳ ಮುಚ್ಚಿ ಹದಿನೈದು ದಿನ ಬಿಡಿ. ಇದ್ದಲಿ ಹಾಳೆಗೆ ತಾಗಬಾರದು.

ಅದು ಯಾವ ವಾಸನೆ ಎಂದು ಇಲ್ಲಿ ಕುಳಿತು ಹೇಳಲಾಗದು.

ಇತಿ,
ಅಪ್ಪಾಸಾಬ ಮಾಸ್ತರ

*

ಡಫಳಾಪುರ
೨೯–೭–೧೯೫೧

ಅಪ್ಪಾಸಾಬ ಮಾಸ್ತರರಿಗೆ ಗುರುಲಿಂಗಪ್ಪನವರ ದೊಡ್ಡ ನಮಸ್ಕಾರ.

ಹೇಗಿದೆ? ನೀನು ನನ್ನನ್ನು "ನಿಮ್ಮ", "ಇಡಬೇಡಿ" ಎಂದೆಲ್ಲ ಬರೆದ ಕಾರ್ಡನ್ನು ಸಿದ್ದವ್ವನಿಗೆ ಓದಿ ಹೇಳಿದೆ. "ಯಾರೋ ಸರಕಾರದವರು ಬರದಾರ ಅನಸ್ತೈತಿ" ಅಂದಳು. ಆದರೂ ಉತ್ತರ ಬರೆದೆಯಲ್ಲ, ಅಷ್ಟಕ್ಕೇ ನನಗೆ ಸಮಾಧಾನವಾಯಿತು. ಕಾರ್ಡು ಅಂಗಡಿಯ ಗಲ್ಲೆಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದೇನೆ.

ನಿನ್ನ ಬುದ್ಧಿಮಾತು ಬರುವಷ್ಟರಲ್ಲಿ ನಾನು ಕೆಡಿಸಬೇಕಾದದ್ದನ್ನೆಲ್ಲ ಕೆಡಿಸಿದ್ದೆ. ಮೊದಲು ಬೇವಿನ ಸೊಪ್ಪು ಇಟ್ಟೆ. ಆಮೇಲೆ ಓಣಿಯ ಶಿದ್ರಾಮಜ್ಜ ಹೇಳಿದನೆಂದು ತಂಬಾಕಿನ ಎಲೆ ಇಟ್ಟೆ. ಅದೂ ಸಾಲದೆಂದು ಲೋಬಾನದ ಹೊಗೆ ಹಾಕಿದೆ. ಎಲ್ಲ ಕೂಡಿ ಎಂಥ ವಾಸನೆ ಆಯಿತೆಂದರೆ, ಸೀರೆ ಕೊಳ್ಳಲು ಬಂದ ಹೆಂಗಸರು ಕಟ್ಟೆಯಿಂದಲೇ ತಿರುಗಿ ಹೋದರು.

ಆಮೇಲೆ ನೀನು ಹೇಳಿದಂತೆ ಇದ್ದಲಿಯ ಮೇಲೆ ಇಟ್ಟೆ. ನೀರು ಕಾಸುವ ಹಂಡೆಯನ್ನೇ ತೆಗೆದುಕೊಂಡದ್ದರಿಂದ ಹದಿನೈದು ದಿನ ಮನೆಮಂದಿಗೆಲ್ಲ ತಣ್ಣೀರಿನ ಸ್ನಾನ. ಹದಿನಾರನೆಯ ದಿನ ಮುಚ್ಚಳ ತೆಗೆದು ಮೂಸಿದೆ. ನಿನ್ನ ಇದ್ದಲಿಗೆ ಶಹಬಾಸ್ ಹೇಳಬೇಕು. ಲೋಬಾನ ಹೋಗಿತ್ತು, ತಂಬಾಕು ಹೋಗಿತ್ತು, ಮುಗ್ಗಲು ಮುಕ್ಕಾಲು ಭಾಗ ಹೋಗಿತ್ತು. ಕೆಳಗಿನ ಹುಳಿ ಮಾತ್ರ ಜಾಗ ಬಿಟ್ಟು ಕದಲಿರಲಿಲ್ಲ. ಮೇಲಿನದೆಲ್ಲ ಹೋದದ್ದರಿಂದ ಅದು ಈಗ ಇನ್ನಷ್ಟು ಸ್ಪಷ್ಟ.

ಹಳೆಯದನ್ನು ಎತ್ತುವುದಿಲ್ಲ ಎಂದು ಬರೆದಿದ್ದೆ. ಎತ್ತದೆ ಇರಲಾಗುವುದಿಲ್ಲ. ವಹಿ ಕೈಯಲ್ಲಿ ಹಿಡಿದರೆ ಒಂಟೆಯ ಪುಟ ಹುಡುಕುವ ಚಟ ಬೆರಳಿಗೆ ಇನ್ನೂ ಇದೆ. ಮೂವತ್ತಮೂರನೆಯ ಇಸವಿಯ ಬೇಸಿಗೆ ಸೂಟಿಯಲ್ಲಿ ವಹಿ ನಿನ್ನ ಜೊತೆ ಮಾಡಗ್ಯಾಳಕ್ಕೆ ಹೋಗಿತ್ತು. ಶಾಲೆ ತೆರೆದ ದಿನ ನೀನು ತಂದುಕೊಟ್ಟೆ. ನಾನು ತೆರೆದು ನೋಡಿದರೆ, ಒಂಟೆಯ ಮೇಲೆ ಟಪಾಲು ಒಯ್ಯುವ ಸವಾರನ ಆ ಸುದಾನ ದೇಶದ ತಿಕೀಟು ಇರಲಿಲ್ಲ. ತಿಕೀಟಷ್ಟೇ ಅಲ್ಲ, ಆ ಪುಟವೇ ಇರಲಿಲ್ಲ. ನೀನು ಹರಿದುಕೊಂಡಿದ್ದೀ ಎಂದೆ. ಇಡೀ ವರ್ಗದ ಮುಂದೆ, "ನಿಮ್ಮ ದೇವರು ಬೀರಪ್ಪನ ಅರಿಶಿನ ಭಂಡಾರ ಮುಟ್ಟಿ ಹೇಳು, ಒಂಟಿ ತೊಗೊಂಡಿಲ್ಲಂತ" ಎಂದೆ. ನೀನು ಚೀಲ ತೆಗೆದುಕೊಂಡು ಹೊರಟುಹೋದೆ. ಅದೇ ಕೊನೆ. ಆ ಮೇಲೆ ಇಂಗ್ರೇಜರು ಹೋದರು, ಜತ್ತ ಸಂಸ್ಥಾನ ಹೋಯಿತು, ನಮ್ಮ ಮಾತು ಮಾತ್ರ ತಿರುಗಿ ಬರಲಿಲ್ಲ.

ಹೋಗಲಿ. ಈ ಹುಳಿಗೆ ಏನು ಮಾಡಲಿ? ಅದನ್ನು ಹೇಳು. ಮತ್ತು ನನ್ನನ್ನು "ನೀವು" ಎನ್ನುವುದನ್ನು ಬಿಡು. ಕೇಳಿದರೆ ಮೈ ಬೆವರುತ್ತದೆ.

ಗುರುಲಿಂಗ

*

ಅಸಂಗಿ
೨೬–೮–೧೯೫೧

ಗುರುಲಿಂಗಪ್ಪ,

ಕಾರ್ಡಿನಲ್ಲಿ ಹಿಡಿಸುವುದಿಲ್ಲವೆಂದು ಪಾಕೀಟು ತಂದೆ.

ನಿನ್ನ ಪತ್ರ ಓದಿ ಉತ್ತರ ಬರೆಯಬಾರದು ಎಂದೇ ಇದ್ದೆ. ಆದರೆ ಪಾಠ ಹೇಳುವಾಗಲೂ ತಲೆಯಲ್ಲಿ ಅದೇ ವಾಸನೆ ತಿರುಗುತ್ತದೆ. ಇಲ್ಲಿಂದ ಮೂಸಲಾಗದ ವಾಸನೆಯ ಬಗ್ಗೆ ಇಷ್ಟು ಯೋಚನೆ ಮಾಡಿದ್ದು ಇದೇ ಮೊದಲು. ನನ್ನ ಹೆಂಡತಿ ಚಂದ್ರಾಬಾಯಿ, "ರೊಟ್ಟಿ ಕೈಯಾಗ ಹಿಡಕೊಂಡು ಏನು ಮೂಸಾಕತ್ತೀರಿ, ಹಳಸಿಲ್ಲ ಅದು" ಅಂದಳು.

ಕೆಲವು ಮಾತು ಕೇಳುತ್ತೇನೆ, ಇದ್ದದ್ದು ಇದ್ದಂತೆ ಬರೆ. ಮೋಡವಾದಾಗ ಹೆಚ್ಚು ನಾರುತ್ತದೆ ಎಂದೆ. ಹಾಗಾದರೆ ಅದು ಹಸಿ ಹೀರುವ ಯಾವುದೋ ಪದಾರ್ಥ. ನಾವು ತಿಕೀಟು ಅಂಟಿಸುತ್ತಿದ್ದದ್ದು ಜಾಲಿಯ ಅಂಟಿನಿಂದ. ಜಾಲಿ ಅಂಟು ಒಣಗಿದ ಮೇಲೆ ನಾರುವುದಿಲ್ಲ. ಅಂದಮೇಲೆ ಬೇರೆ ಏನೋ ವಹಿಯೊಳಗೆ ಸೇರಿದೆ. ಅದು ಎಲ್ಲ ಹಾಳೆಗಳಲ್ಲೂ ಇದೆಯೋ, ಒಂದೇ ಕಡೆ ಇದೆಯೋ? ಕಣ್ಣು ಮುಚ್ಚಿ ಒಂದೊಂದೇ ಹಾಳೆ ಮೂಸಿ ನೋಡು. ಬೆಳಿಗ್ಗೆ ಮಾಡು, ಊಟ ಆದ ಮೇಲೆ ಮೂಗು ಮಂದವಾಗುತ್ತದೆ. ನಿನ್ನ ಮೂಗನ್ನು ನಂಬಬೇಡ. ನಿನಗೆ ನಶ್ಯದ ಚಟ ಇತ್ತು, ಈಗಲೂ ಇರಬಹುದು. ಮನೆಯವರಿಗೆ ಮೂಸಲು ಹೇಳು.

ಇನ್ನೊಂದು. ಪುಟಗಳಿಗೆ ಅಂಕಿ ಹಾಕಿದವನು ನಾನು. ಮೊದಲ ಹಾಳೆಯ ಮುಂದೆ ಒಂದು, ಬೆನ್ನಿಗೆ ಎರಡು. ಎರಡನೆಯ ಹಾಳೆಗೆ ಮೂರು ಮತ್ತು ನಾಲ್ಕು. ಒಂಟೆ ಇದ್ದದ್ದು ಹದಿನಾಲ್ಕರಲ್ಲಿ. ಹಾಳೆ ಹರಿದರೆ ಹದಿಮೂರೂ ಅದರ ಬೆನ್ನಿಗಿರುವ ಹದಿನಾಲ್ಕೂ ಕೂಡಿಯೇ ಹೋಗಬೇಕು. ನಿನ್ನ ವಹಿಯಲ್ಲಿ ಯಾವ ಅಂಕಿಗಳು ಇಲ್ಲ ಎಂದು ನೋಡಿ ತಿಳಿಸು.

ಹಾಳೆಯನ್ನು ನಾನು ಹರಿಯಲಿಲ್ಲ. ಅಂದೇ ಇದನ್ನು ಹೇಳಬಹುದಿತ್ತು. ನೀನು ಕೇಳಿದ್ದು ಹಾಳೆಯ ಮಾತಲ್ಲ. ಆ ಹಾಳೆ ಎಲ್ಲಿ ಹೋಯಿತು ಎಂದು ನಾನೂ ಹದಿನೆಂಟು ವರ್ಷ ಯೋಚನೆ ಮಾಡಿದ್ದೇನೆ.

ಅಪ್ಪಾಸಾಬ

*

ಡಫಳಾಪುರ
೭–೧೦–೧೯೫೧

ಅಪ್ಪಾಸಾಬ,

ಕೂತು ಓದು. ನಿಂತು ಓದುವ ಪತ್ರವಲ್ಲ ಇದು.

ನೀನು ಹೇಳಿದಂತೆ ಬೆಳಿಗ್ಗೆ, ಮಜ್ಜಿಗೆ ಸಹ ಕುಡಿಯದೆ ಪರೀಕ್ಷೆ ಮಾಡಿದೆವು. ಸಿದ್ದವ್ವ ಮೊದಲು ಒಪ್ಪಲಿಲ್ಲ. ಆಮೇಲೆ, ಏನು ನಾರುತ್ತದೆಂದು ತಿಳಿಯುವ ಚಪಲ ಅವಳಿಗೂ ಇತ್ತು, ಒಪ್ಪಿದಳು. ಕಣ್ಣು ಮುಚ್ಚಿ ಕುಳಿತಳು. ನಾನು ಒಂದೊಂದೇ ಹಾಳೆ ಮೂಗಿಗೆ ಹಿಡಿಯುತ್ತ ಹೋದೆ. "ಇಲ್ಲ, ಇಲ್ಲ, ಇದರಾಗ ಇಲ್ಲ" ಎನ್ನುತ್ತ ಬಂದವಳು ಒಂದು ಕಡೆ ತಟ್ಟನೆ ಮುಖ ತಿರುಗಿಸಿದಳು. "ಇಲ್ಲೇ ಐತಿ ನೋಡ್ರಿ ಮೂಲ" ಅಂದಳು. ನಾನು ಅಂಕಿ ನೋಡಿದೆ. ಹದಿಮೂರು. ತಿರುವಿದೆ. ಹದಿನಾರು.

ಹದಿಮೂರರ ಬೆನ್ನಿಗೆ ಹದಿನಾರು ಹೇಗೆ ಬರುತ್ತದೆ? ಹದಿನಾಲ್ಕು ಹದಿನೈದು ಎರಡೇ ಇಲ್ಲ. ದಿನವೂ ಬಟ್ಟೆಯ ತಾನು ಎಣಿಸುವವನು ನಾನು, ಹದಿನೆಂಟು ವರ್ಷ ಇದು ಕಣ್ಣಿಗೆ ಬೀಳಲಿಲ್ಲ. ಅಂದು ಸಿಟ್ಟಿನಲ್ಲಿ ಎರಡೇ ಸಲ ತಿರುವಿ ಮುಚ್ಚಿಟ್ಟವನು ಮತ್ತೆ ತೆರೆದಿದ್ದರಲ್ಲವೇ ಕಾಣುವುದು. ಬೆರಳಿನಲ್ಲಿ ಹಿಡಿದು ನೋಡಿದೆ. ಆ ಹಾಳೆ ಉಳಿದವುಗಳಿಗಿಂತ ದಪ್ಪ ಇದೆ. ಒಂದು ಹಾಳೆಯಲ್ಲ ಅದು, ಎರಡು. ಎದುರುಬದುರಿನ ಪುಟಗಳು ಒಂದಕ್ಕೊಂದು ಅಂಟಿವೆ. ಹರಿದಿಲ್ಲ ಅಪ್ಪಾಸಾಬ. ಯಾರೂ ಹರಿದಿಲ್ಲ.

ಅದೇ ವಾರ ಸಂತೆಗೆ ನಿಮ್ಮೂರಿನ ದುಂಡಪ್ಪ ಕಂಬಳಿ ಮಾರಲು ಬಂದಿದ್ದ. ಮಳೆ ಹನಿಯುತ್ತಿತ್ತು, ನಮ್ಮ ಅಂಗಡಿಯ ಕಟ್ಟೆಯ ಮೇಲೆ ಒಂದು ಹೊಸ ಕಂಬಳಿ ಬಿಡಿಸಿ ಹಾಸಿದ. ಒಳಗಿನಿಂದ ಸಿದ್ದವ್ವ ಕೂಗಿದಳು: "ಆ ವಹಿ ಮತ್ತ ಯಾಕ ತಗದ್ರಿ?" ವಹಿ ತೆಗೆದಿರಲಿಲ್ಲ. ನಾನು ಬಗ್ಗಿ ಕಂಬಳಿ ಮೂಸಿದೆ. ನಾಲಿಗೆಯ ತುದಿಯಲ್ಲಿ ನಾಲ್ಕು ತಿಂಗಳು ನಿಂತಿದ್ದ ಹೆಸರು ಕೆಳಗಿಳಿಯಿತು. ಗಂಜಿ. ಕಂಬಳಿ ಬಿರುಸಾಗಲೆಂದು ಹಚ್ಚುವ ಹುಣಸೆಬೀಜದ ಗಂಜಿ.

ದುಂಡಪ್ಪನನ್ನು ಕೇಳಿದೆ. "ಹೌದ್ರಿ, ಹುಣಸಿಬೀಜ ಹುರದು, ಸಿಪ್ಪಿ ತಗದು, ನೆನಿ ಇಟ್ಟು ಅರದು ಕಾಸ್ತೀವಿ. ಹಸಿ ಹತ್ತಿದ್ರ ವಾಸ ಬರ್ತೈತಿ. ನಮ್ಮೂರಾಗ ಅಪ್ಪಾಸಾಬ ಮಾಸ್ತರನ ಅವ್ವ ಯಮನವ್ವ ಇದ್ಲಲ್ರಿ, ಆಕಿ ಕಾಸಿದ ಗಂಜಿ ಹಿಡದ್ರ ಬಿಡ್ತಿದ್ದಿಲ್ಲ" ಅಂದ. ಆಕೆ ತೀರಿಕೊಂಡು ಒಂಬತ್ತು ವರ್ಷವಾಯಿತೆಂದೂ ಅವನೇ ಹೇಳಿದ. ನನಗೆ ಗೊತ್ತಿರಲಿಲ್ಲ. ಸೂಟಿಯಿಂದ ಬರುವಾಗ ನನಗೆಂದು ಬೇರೆ ಗಂಟು ಕಟ್ಟಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾದ ಹಿಂಡಿ ಕಳಿಸುತ್ತಿದ್ದ ಕೈ ಅದು.

ಈಗ ನನಗೆ ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ನಿಮ್ಮ ಮನೆಯ ಅಂಗಳದಲ್ಲಿ ಕಂಬಳಿಗೆ ಗಂಜಿ ಹಚ್ಚುತ್ತಿದ್ದರು. ವಹಿ ಅಲ್ಲೇ ಎಲ್ಲೋ ಬಿಚ್ಚಿಕೊಂಡು ಬಿದ್ದಿತ್ತು. ಆಕೆಯ ಕೈಯ ಗಂಜಿ ಹಾಳೆಗೆ ತಾಗಿತು, ಮುಚ್ಚಿಟ್ಟರು, ಅಂಟಿತು. ಒಂಟೆ ಒಳಗೇ ಇದೆ. ನೀನು ಅದನ್ನು ಮುಟ್ಟಿರಲಿಲ್ಲ. ನಾನು ನಿನ್ನನ್ನು ಕಳ್ಳನೆಂದೆ. ನಿನ್ನ ಮನೆದೇವರ ಭಂಡಾರವನ್ನು ತಿಕೀಟಿನ ಜಗಳಕ್ಕೆ ಎಳೆದು ತಂದೆ. ನನ್ನದು ತಪ್ಪಾಯಿತು. ತಪ್ಪಾಯಿತು ಎಂದು ಬರೆಯಲು ನನ್ನ ಕೈ ಇಷ್ಟು ವರ್ಷ ಕಾಯಬಾರದಿತ್ತು.

ಹೊಲಿಗೆ ಬಿಚ್ಚಿ ಆ ಜೋಡಿ ಹಾಳೆಯನ್ನು ಹಾಗೆಯೇ ರಜಿಸ್ಟರ ಮಾಡಿ ಕಳಿಸಿದ್ದೇನೆ. ನಾನು ಬಿಡಿಸಿ ನೋಡಿಲ್ಲ, ನೋಡುವ ಅಗತ್ಯವೂ ನನಗಿಲ್ಲ. ಒಂಟೆ ನಿನ್ನ ಕೈಯಿಂದಲೇ ಹೊರಗೆ ಬರಲಿ. ಅದನ್ನು ನೀನೇ ಇಟ್ಟುಕೋ.

ಉತ್ತರಕ್ಕೆ ಕಾಯುತ್ತಿರುವ
ಗುರುಲಿಂಗ

*

ಡಫಳಾಪುರ
೨೫–೧೧–೧೯೫೧

ಅಪ್ಪಾಸಾಬನಿಗೆ,

ರಜಿಸ್ಟರದ ಪಾವತಿ ನಿನ್ನ ಸಹಿಯೊಂದಿಗೆ ಬಂದು ಐದು ವಾರವಾಯಿತು. ಪತ್ರ ಬಂದಿಲ್ಲ. ದೀಪಾವಳಿಗೆ ಬರಬಹುದೆಂದು ನೋಡಿದೆ. ನನ್ನ ಮೇಲೆ ಸಿಟ್ಟಿದ್ದರೆ ಅದನ್ನಾದರೂ ಬರೆ. ಹಾಳೆ ತೆಗೆದ ಮೇಲೆ ವಹಿ ನಾರುವುದು ನಿಂತಿದೆ. ಮಾಸ್ತರರು ಬಂದು ಮೂಸಿ ನೋಡಿ ಶಾಲೆಗೆ ಒಯ್ದರು. ಮನೆಯಲ್ಲಿ ವಾಸನೆ ಇಲ್ಲ, ಅದು ಇಲ್ಲದ್ದೇ ಈಗ ನನಗೆ ಬೇಸರವಾಗಿದೆ.

ಗುರುಲಿಂಗ

*

ಅಸಂಗಿ
೧೫–೧–೧೯೫೨

ಗೆಳೆಯ ಗುರುಲಿಂಗ,

ನಿನ್ನೆ ಸಂಕ್ರಾಂತಿ. ಎಳ್ಳು ಬೆಲ್ಲ ಹಿಡಿದುಕೊಂಡು ಮಕ್ಕಳು ಮನೆಗೆ ಬಂದರು. ಅವರಿಗೆಲ್ಲ ಒಳ್ಳೆಯ ಮಾತು ಹೇಳಿ ಕಳಿಸಿದೆ. ಆಮೇಲೆ, ನಿನ್ನ ಮುಂದೆ ಸುಳ್ಳು ಉಳಿಸಿಕೊಂಡು ಇನ್ನೊಬ್ಬರಿಗೆ ಒಳ್ಳೆಯ ಮಾತು ಹೇಳುವುದು ಸರಿಯಲ್ಲ ಎನಿಸಿತು.

ಹಾಳೆ ಬಂದ ದಿನವೇ ನನಗೆ ಗೊತ್ತಿತ್ತು, ಒಳಗೆ ಒಂಟೆ ಇಲ್ಲ. ಒಂಟೆಯನ್ನು ತೆಗೆದವನು ನಾನು.

ಆ ತಿಕೀಟು ಬಂದದ್ದು ನಮ್ಮ ಅಣ್ಣ ಶಿದ್ರಾಯನ ಕಾಗದದ ಮೇಲೆ. ಅವನು ಮುಂಬೈಯ ಒಬ್ಬ ಶೇಠನ ಸಂಗಡ ದನಕರು ನೋಡಿಕೊಳ್ಳಲು ಸುದಾನಕ್ಕೆ ಹೋದ. ಎರಡು ಕಾಗದ ಬಂದವು, ಆಮೇಲೆ ನಿಂತವು. ಇದು ನಿನಗೂ ಗೊತ್ತು. ಭೂಮಿತಿಯ ಪರೀಕ್ಷೆಗೆ ನಿನ್ನ ಕಂಪಾಸ ಪೆಟ್ಟಿಗೆ ಬೇಕಾಗಿ, ಅದರ ಬದಲಿಗೆ ಒಂಟೆಯನ್ನು ನಾನೇ ನಿನ್ನ ಪಾಲಿಗೆ ಬರೆದುಕೊಟ್ಟೆ. ಕೊಟ್ಟದ್ದನ್ನು ತಿರುಗಿ ಕೇಳಬಾರದು ಎಂಬ ಕಲಮನ್ನು ಕರಾರಿನಲ್ಲಿ ಹಾಕಿದವನೂ ನಾನೇ.

ಆ ಬೇಸಿಗೆಯಲ್ಲಿ ಅವ್ವ ವಹಿ ನೋಡಬೇಕೆಂದಳು. ಪುಟ ತಿರುವಿ ತೋರಿಸಿದೆ. ಒಂಟೆಯ ಹತ್ತಿರ ಬಂದಾಗ ಅಂಗೈ ಇಟ್ಟು ಹಿಡಿದುಬಿಟ್ಟಳು. ಅವಳಿಗೆ ಓದು ಬರುತ್ತಿರಲಿಲ್ಲ. ಶಿದ್ರಾಯನ ಕಾಗದವೆಂದರೆ ಅವಳಿಗೆ ಆ ಚಿತ್ರವೇ. "ಇದರ ಮ್ಯಾಲ ಕುಂತಾಂವ ನನ್ನ ಮಗಾನ. ಇವನ್ನ ಇಲ್ಲೇ ಬಿಟ್ಟು ಹೋಗೋ ಅಪ್ಪಾ" ಅಂದಳು. ನಿನ್ನದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮಧ್ಯಾಹ್ನ ನೀರು ಸವರಿ ಬಿಡಿಸಿ ಅವಳ ಕೈಗೆ ಕೊಟ್ಟೆ. "ಇದು ಯಾರದರ ಐತೇನು?" ಎಂದು ಕೇಳಿದಳು. "ನಂದ ಐತಿ" ಅಂದೆ. ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು.

ಶಾಲೆ ತೆರೆದ ದಿನ ನೀನು ಹಾಳೆ ಹರಿದಿದ್ದೀ ಎಂದಾಗ ನಿಜವಾಗಿ ಬೆಚ್ಚಿದೆ. ನಾನು ಬಿಟ್ಟು ಬಂದದ್ದು ಖಾಲಿ ಚೌಕ, ಹಾಳೆ ಹೇಗೆ ಮಾಯವಾಯಿತು ಎಂದು ತಿಳಿಯಲಿಲ್ಲ. ಹಾಳೆಯ ಬಗ್ಗೆ ನೀನು ಆಣೆ ಕೇಳಿದ್ದರೆ ಮಾಡುತ್ತಿದ್ದೆ. ನೀನು ಕೇಳಿದ್ದು ಒಂಟೆಯ ಆಣೆ. ನಾನು ಸಿಟ್ಟಿನಿಂದ ಹೊರಟುಹೋದೆ ಎಂದು ನೀನು ತಿಳಿದಿದ್ದೀ. ಭಂಡಾರ ಮುಟ್ಟಲಾರದೆ ಹೋದೆ.

ಹಾಳೆಯನ್ನು ಮೂರು ತಿಂಗಳು ಹಾಗೆಯೇ ಇಟ್ಟಿದ್ದೆ. ನಿನ್ನ ಕ್ಷಮಾಪಣೆಯ ಪತ್ರವೂ ಅದರ ಸಂಗಡವೇ ಇತ್ತು. ಸುಮ್ಮನಿದ್ದುಬಿಡೋಣ, ಒಂಟೆ ಸಿಕ್ಕಿತು ಎಂದು ಬರೆದರೆ ಎಲ್ಲ ಸರಿಯಾಗುತ್ತದೆ ಎಂದು ಅನಿಸಿದ್ದೂ ಉಂಟು. ನಿನ್ನೆ ಚಂದ್ರಾಬಾಯಿಗೆ ಎಲ್ಲ ಹೇಳಿದೆ. ರೊಟ್ಟಿಯ ಹಿಟ್ಟಿಗೆ ಎಸರು ಕುದಿಯುತ್ತಿತ್ತು. ಅವಳೇ ಹಾಳೆಯನ್ನು ಹಬೆಗೆ ಹಿಡಿದು, "ಬಿಡ್ಸಿ ನೋಡೂಣು, ನಿಮ್ಮವ್ವ ಏನ ಮಾಡ್ಯಾಳ" ಅಂದಳು.

ಕೈ ತಪ್ಪಿ ತಾಗಿದ ಗಂಜಿಯಲ್ಲ ಗುರುಲಿಂಗ. ಆ ಪುಟದ ಉಳಿದ ಐದು ತಿಕೀಟುಗಳಿಗೆ ಒಂದು ಹನಿಯೂ ಸೋಕಿಲ್ಲ. ಅವುಗಳ ಸುತ್ತ ಅವ್ವ ಬೆರಳಿನಿಂದ ಗಂಜಿ ಸುತ್ತುಹಾಕಿ ಎಳೆದಿದ್ದಾಳೆ. ಹಾಳೆಯ ಅಂಚಿನುದ್ದಕ್ಕೂ ಹಚ್ಚಿದ್ದಾಳೆ. ಖಾಲಿ ಚೌಕದ ಮೇಲೆ ಮಾತ್ರ ಕಂಬಳಿಗೆ ಹಚ್ಚುವಷ್ಟು ದಪ್ಪ. ಅದರಲ್ಲಿ ಒಂದು ಕರಿ ಉಣ್ಣೆಯ ಎಳೆ ಸಿಕ್ಕಿಕೊಂಡಿದೆ. ನನ್ನ ಸುಳ್ಳು ಅವಳಿಗೆ ಅಂದೇ ತಿಳಿದಿತ್ತು. ಮಗನ ಕಳವು ಕಾಣಬಾರದೆಂದು ತನಗೆ ಗೊತ್ತಿದ್ದ ರೀತಿಯಲ್ಲಿ ಮುಚ್ಚಿದಳು. ಪುಟಗಳಿಗೆ ಅಂಕಿ ಇರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ನೀನು ಇಷ್ಟು ತಿಂಗಳು ಹುಡುಕಿದ ವಾಸನೆ ಅದೇ.

ಅವಳು ಸತ್ತ ಮೇಲೆ ಭಂಡಾರದ ಚೀಲ ನನ್ನ ಕೈಗೆ ಬಂತು. ಒಂಟೆ ಅದರಲ್ಲಿತ್ತು. ನೀನು ಯಾವ ಭಂಡಾರ ಮುಟ್ಟಲು ಹೇಳಿದ್ದೆಯೋ ಅದರೊಳಗೇ ಇತ್ತು. ಅರಿಶಿನ ಹತ್ತಿ ಹಳದಿಯಾಗಿದೆ. ಈ ಪಾಕೀಟಿನಲ್ಲಿ ಇಟ್ಟಿದ್ದೇನೆ. ನಿನ್ನದು ನಿನಗೆ ಮುಟ್ಟಿತು. ಹಾಳೆ ಮಾತ್ರ ನನ್ನ ಹತ್ತಿರ ಇರಲಿ ಎಂದು ಬೇಡಿಕೊಳ್ಳುತ್ತೇನೆ. ಅದರ ವಾಸನೆ ಹೋಗಿಸುವ ಮನಸ್ಸು ನನಗಿಲ್ಲ.

ನೀನು ಮತ್ತೆ ಮಾತು ಬಿಟ್ಟರೆ ಬಿಡು. ಈ ಸಲ ನಾನು ಕಾರಣ ಹುಡುಕುವುದಿಲ್ಲ.

ಅಪ್ಪಾಸಾಬ

*

ಡಫಳಾಪುರ
೩–೨–೧೯೫೨

ಅಪ್ಪಾ,

ಮೊದಲ ಮೂರು ದಿನ ನಿನ್ನ ಮೇಲೆ ಸಿಟ್ಟು ಬಂದಿತ್ತು. ಸುಳ್ಳು ಯಾಕೆ ಹೇಳಲಿ. ಕ್ಷಮೆ ಕೇಳಿ ಕಾಗದ ಬರೆದು, ರಜಿಸ್ಟರಕ್ಕೆ ಸಾಲಿನಲ್ಲಿ ನಿಂತವನು ನಾನು. ಗಿರಾಕಿಗಳ ಮೇಲೆ ಹರಿಹಾಯ್ದೆ. ನಾಲ್ಕನೆಯ ದಿನ ಸಿದ್ದವ್ವನಿಗೆ ಪತ್ರ ಓದಿ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: "ಆ ತಾಯಿ ಬಾಯಿ ಬಿಟ್ಟು ಕೇಳಿದ್ರ ನೀವು ಕೊಡ್ತಿದ್ರೇನ್ರಿ?"

ಕೊಡುತ್ತಿದ್ದೆ ಎಂದು ಬಾಯಿಗೆ ಬಂತು. ಆದರೆ ಹದಿನಾರು ವರ್ಷದ ಗುರುಲಿಂಗನನ್ನು ನಾನು ಬಲ್ಲೆ. ಕೊಡುತ್ತಿರಲಿಲ್ಲ. ಕಲಮು ತೋರಿಸುತ್ತಿದ್ದೆ. ನೀನು ಅದನ್ನು ತಿಳಿದೇ ಕೇಳಲಿಲ್ಲ. ಆ ತಿಕೀಟು ಯಾರ ಕಾಗದದಿಂದ ಬಂದದ್ದೆಂದು ಗೊತ್ತಿದ್ದೂ ನಾನು ಅದನ್ನು ಕಂಪಾಸ ಪೆಟ್ಟಿಗೆಗೆ ಬದಲು ಮಾಡಿಕೊಂಡೆ. ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ಪೆಟ್ಟಿಗೆಯಲ್ಲಿ ಕೈವಾರದ ಮೊನೆ ಮೊದಲೇ ಮುರಿದಿತ್ತು, ಮೇಣ ಹಚ್ಚಿ ನಿಲ್ಲಿಸಿ ಕೊಟ್ಟಿದ್ದೆ. ಪರೀಕ್ಷೆಯಲ್ಲಿ ನಿನ್ನ ವರ್ತುಲಗಳೆಲ್ಲ ಸೊಟ್ಟಗಾಗಿ ಮಾಸ್ತರರು ಬೈದದ್ದು ನಿನ್ನ ಕೈಯ ತಪ್ಪಲ್ಲ. ಅಂದ ಮೇಲೆ ಆ ಕರಾರು ಅಂದೇ ರದ್ದು. ಒಂಟೆ ನನ್ನದಾಗಿರಲೇ ಇಲ್ಲ.

ಒಂಟೆಯನ್ನು ಅಂಗೈಯಲ್ಲಿಟ್ಟು ಮೂಸಿದೆ. ಬರೀ ಅರಿಶಿನ. ಇದ್ದಲಿಯ ಹಂಡೆಗೆ ಹಾಕಲೇನು ಎಂದು ಸಿದ್ದವ್ವ ನಗುತ್ತ ಕೇಳಿದಳು, ಆಮೇಲೆ ತಾನೇ ಅದನ್ನು ದೇವರ ಜಗಲಿಯ ಮೇಲೆ ಇಟ್ಟಳು. ಈಗ ಅಲ್ಲೇ ಇದೆ.

ಹಾಳೆ ನಿನ್ನ ಹತ್ತಿರ, ಒಂಟೆ ನನ್ನ ಹತ್ತಿರ. ಟಪಾಲಿನಲ್ಲಿ ಇವನ್ನು ಆಚೆ ಈಚೆ ಓಡಾಡಿಸಿದ್ದು ಸಾಕು. ಇದೇ ಹನ್ನೊಂದನೆಯ ತಾರೀಖು, ಸೋಮವಾರ, ಅಂಗಡಿ ಮುಚ್ಚಿ ಸರ್ವಿಸ್ ಮೋಟಾರಿಗೆ ಬರುತ್ತೇನೆ. ಸಿದ್ದವ್ವನೂ ಬರುತ್ತಾಳೆ. ಹದಿನಾಲ್ಕನೆಯ ಪುಟದಲ್ಲಿ, ಅದೇ ಚೌಕದಲ್ಲಿ ಒಂಟೆಯನ್ನು ಕೂಡಿಸೋಣ. ಕೆಳಗೆ ನನ್ನ ಹೆಸರು ಬರೆದದ್ದನ್ನು ಹೊಡೆದುಹಾಕಿ ಶಿದ್ರಾಯನ ಹೆಸರು ಬರೆ, ನಿನ್ನ ಅಕ್ಷರ ದುಂಡಗಿದೆ. ಆಮೇಲೆ ಹಾಳೆ ನಿನ್ನ ಮನೆಯಲ್ಲೇ ಇರಲಿ.

ಜಾಲಿ ಅಂಟು ಬೇಡ. ಚಂದ್ರಾಬಾಯಿಗೆ ಹೇಳಿ ಆದಿತ್ಯವಾರವೇ ಒಂದು ಹಿಡಿ ಹುಣಸೆಬೀಜ ನೆನೆ ಇಡಿಸು. "ಮಳಿಗಾಲದಾಗ ಮತ್ತ ನಾರ್ತೈತಲ್ರಿ" ಎಂದಳು ಸಿದ್ದವ್ವ. ನಾರಲಿ ಎಂದೆ.

ನಿನ್ನ
ಗುರುಲಿಂಗ